ಸಾಲಿನ ಕೊನೆಗೊಂದು ಚುಕ್ಕಿ

"ನಾ ಹೆಸರು ಕರದ ಏಳೂ ಮಂದಿ ಎದ್ದು ನಿಂದರ್ರಿ," ಎಂದರು ದಿನಕರ ಮಾಸ್ತರು. ಅವರ ಕೈಯಲ್ಲಿ ಆರನೇ ಇಯತ್ತೆಯ ಇಂಗ್ಲಿಷ್ ಟೆಸ್ಟಿನ ಪೇಪರುಗಳಿದ್ದವು.

ಗೂಳಪ್ಪ ಎದ್ದ. ಬಸವಣ್ಣೆವ್ವ ಎದ್ದಳು. ಕೊನೆಗೆ ಜಮೀಲಾಬಿಯೂ ಎದ್ದಳು. ಏನು ತಪ್ಪಾಗಿದೆ ಎಂದು ಏಳರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಾಸ್ತರು ಒಂದು ಪೇಪರು ಎತ್ತಿ ತೋರಿಸಿದರು. ನವಲಗುಂದದ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಬೇಕಿತ್ತು. ಹಾಳೆಯ ಬಲಗಡೆಯ ಅಂಚಿಗೆ ಸಾಲಿಗೊಂದರಂತೆ ಫುಲ್‌ಸ್ಟಾಪ್. ಮಾತು ಮುಗಿದಿರಲಿ, ಅರ್ಧಕ್ಕೇ ನಿಂತಿರಲಿ, ಅಲ್ಲೊಂದು ಚುಕ್ಕಿ.

"ಒಬ್ಬರು ತಪ್ಪಿದ್ರ ತಿಳಿದಿದ್ದಿಲ್ಲ ಅಂತಿದ್ದೆ. ಏಳೂ ಮಂದಿ ಹಿಂಗ ಬರದೀರಿ. ಯಾರದು ನೋಡಿ ಕಾಪಿ ಹೊಡದ್ರಿ?"

ಮೊದಲ ಸಾಲಿನಲ್ಲಿ ಕುಳಿತಿದ್ದ ದೇವಕ್ಕನಿಗೆ ಮಾತ್ರ ಆ ಚುಕ್ಕಿಗಳು ಎಲ್ಲಿಂದ ಬಂದವೆಂದು ಗೊತ್ತಿತ್ತು.

ಐದನೇ ಇಯತ್ತೆಗೆ ಬಂದ ಮೇಲೆ ಎಬಿಸಿಡಿ ಶುರುವಾಗುತ್ತಿದ್ದ ಕಾಲ ಅದು. ದೇವಕ್ಕನಿಗೆ ಇಂಗ್ಲಿಷ್ ಬೇಗ ಹತ್ತಿತ್ತು. ಈ ಏಳು ಮಂದಿಗೂ ಸಂಜೆ ಮನೆಯ ಕಟ್ಟೆಯ ಮೇಲೆ ಹೇಳಿಕೊಡುವವಳು ಅವಳೇ. ಯಾರು ಏನೇ ಕೇಳಲಿ, ತಟ್ಟನೆ ಉತ್ತರ ಕೊಡುತ್ತಿದ್ದಳು. ಗೊತ್ತಿದ್ದರೂ ಅಷ್ಟೇ, ಗೊತ್ತಿಲ್ಲದಿದ್ದರೂ ಅಷ್ಟೇ! ಫುಲ್‌ಸ್ಟಾಪ್ ಎಲ್ಲಿ ಇಡಬೇಕೆಂದು ಜಮೀಲಾಬಿ ಕೇಳಿದಾಗ, "ಸಾಲು ಮುಗದಲ್ಲೆ ಇಡು," ಎಂದುಬಿಟ್ಟಿದ್ದಳು.

ಟೆಸ್ಟಿನ ಹಿಂದಿನ ಸಂಜೆ, ಎಲ್ಲರೂ ಹೋದ ಮೇಲೆ ಪುಸ್ತಕ ತೆರೆದು ನೋಡಿದರೆ, ಚುಕ್ಕಿಗಳು ಸಾಲಿನ ನಡುವೆಯೂ ಇದ್ದವು. ಮಾತು ಮುಗಿದಲ್ಲೇ ಇದ್ದವು. ಜಮೀಲಾಬಿಯ ಮನೆ ಎರಡೇ ಓಣಿ ಆಚೆ. ಹೇಳಿದರೆ ಎಲ್ಲರೂ ನಗುತ್ತಾರೆಂದು ದೇವಕ್ಕ ಹೋಗಲಿಲ್ಲ. ಮರುದಿನ ಯಾರಿಗೂ ಮಾತಿಗೆ ಸಿಗದಂತೆ ಗಂಟೆ ಹೊಡೆಯುವಾಗಲೇ ಶಾಲೆಗೆ ಬಂದು, ತಾನು ಮಾತ್ರ ಸರಿಯಾಗಿ ಬರೆದಳು.

"ದೇವಕ್ಕನ ನೋಡಿ ಕಲೀರಿ," ಎಂದರು ಮಾಸ್ತರು. "ನೀವು ಏಳೂ ಮಂದಿ ನಾಳೆ ಮನಿಯವರನ್ನ ಕರ್ಕೊಂಡು ಬರ್ರಿ."

ಜಮೀಲಾಬಿಗೆ ಅದೇ ದೊಡ್ಡ ಭಯ. ಅವಳ ತಾಯಿ ಮರಿಯಮಬಿ ಮನೆಯಲ್ಲಿ ಜಮಖಾನೆ ನೇಯುತ್ತಿದ್ದಳು. ಶಾಲೆಯಿಂದ ಒಂದು ದೂರು ಬಂದರೂ ಮಗಳನ್ನು ಬಿಡಿಸಿ ಮಗ್ಗಕ್ಕೆ ಕೂರಿಸುತ್ತೇನೆ ಎಂದಿದ್ದಳು. ದೇವಕ್ಕನಿಗೂ ಅದು ಗೊತ್ತಿತ್ತು.

ಈಗ ಜಮೀಲಾಬಿ ತನ್ನ ಹೆಸರು ಹೇಳೇ ಹೇಳುತ್ತಾಳೆ ಎಂದು ದೇವಕ್ಕ ತಲೆ ತಗ್ಗಿಸಿದಳು.

"ಕಾಪಿ ಹೊಡದಿಲ್ರಿ ಸರ," ಎಂದಳು ಜಮೀಲಾಬಿ. "ದೇವಕ್ಕ ಬರೋಬ್ಬರಿ ಹೇಳಿಕೊಟ್ಟಿದ್ಲರಿ. ನಾವ ತಪ್ಪು ತಿಳ್ಕೊಂಡ್ವಿ."

"ಏಳೂ ಮಂದಿ ಒಂದ ತಪ್ಪು ತಿಳ್ಕೊಂಡ್ರೇನು? ಸುಳ್ಳು ಹೇಳಬ್ಯಾಡ."

ದೇವಕ್ಕ ಗಾಬರಿಯಾಗಿ ಹಿಂದಿರುಗಿ ನೋಡಿದಳು. ಜಮೀಲಾಬಿ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದಳು. ಅವಳು ಬೈದಿದ್ದರೆ ದೇವಕ್ಕನಿಗೆ ಎಷ್ಟೋ ಚೆನ್ನಾಗಿತ್ತು.

ದೇವಕ್ಕ ಎದ್ದು ನಿಂತಳು.

"ಸರ, ನಾನ ತಪ್ಪು ಹೇಳಿದ್ನಿರಿ. ಆಮ್ಯಾಲೆ ಪುಸ್ತಕ ನೋಡಿ ಗೊತ್ತಾತು. ಇವರಿಗೆ ಹೇಳಲಿಲ್ರಿ."

ಗೂಳಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಮಾಸ್ತರು ಏಳೂ ಪೇಪರುಗಳನ್ನು ಮತ್ತೊಮ್ಮೆ ತಿರುವಿ ನೋಡಿದರು.

"ಮನಿಯವರು ಬರೂದು ಬ್ಯಾಡ. ಕುಂದರ್ರಿ," ಎಂದರು ಕೊನೆಗೆ. "ದೇವಕ್ಕ, ನೀ ನಿಂದರು."

ಗಂಟೆ ಹೊಡೆಯುವವರೆಗೂ ದೇವಕ್ಕ ನಿಂತೇ ಇದ್ದಳು. ನಿಲ್ಲುವುದೇನೂ ಕಷ್ಟವಾಗಲಿಲ್ಲ. ಮತ್ತೆ ಹಿಂದಿರುಗಿ ಜಮೀಲಾಬಿಯ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ಇಬ್ಬರದೂ ಒಂದೇ ದಾರಿ. ಬಸ್ ಸ್ಟ್ಯಾಂಡ್ ದಾಟುವವರೆಗೆ ಜಮೀಲಾಬಿ ಮುಂದೆ ಮುಂದೆ ನಡೆದಳು.

"ಗೊತ್ತಾದ ಕೂಡಲೇ ನಮ್ಮನಿಗೆ ಯಾಕ ಬರಲಿಲ್ಲ ನೀ?" ಎಂದು ಆಮೇಲೆ ಕೇಳಿದಳು.

"ನೀವೆಲ್ಲಾ ನಗತೀರಿ ಅಂತ."

ಜಮೀಲಾಬಿ ಸ್ವಲ್ಪ ಯೋಚಿಸಿದಳು. "ಗೂಳಪ್ಪ ನಗತಿದ್ದ. ನಾನೂ ಒಂದೀಟು ನಗತಿದ್ದೆ. ಆಮ್ಯಾಲೆ ಸರಿ ಮಾಡಿ ಬರೀತಿದ್ದೆ," ಎಂದಳು. ಅಷ್ಟು ಹೇಳಿ ತನ್ನ ಓಣಿಗೆ ತಿರುಗಿದಳು.

ದೇವಕ್ಕ ತಿರುವಿನಲ್ಲೇ ನಿಂತುಬಿಟ್ಟಳು. ಅಷ್ಟು ದಿನ ಅವಳು ಹೆದರಿದ್ದು ಆ ಒಂದೀಟು ನಗುವಿಗೆ.