ಎತ್ತಿದ ಕೈ

ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಉಪ್ಪು ಖಾರ ಏನಿದ್ದರೂ ಅದು ಠಾಣೆಯವರೇ ಹಾಕಿದ್ದು, ನನ್ನದಲ್ಲ.

ಸೋಮವಾರ ಬೆಳಗ್ಗೆ 10.40ಕ್ಕೆ ದೂರು ಬಂತು. ಇನ್ಸ್‌ಪೆಕ್ಟರ್ ಎರಡು ದಿನದ ಬಂದೋಬಸ್ತ್ ಮುಗಿಸಿ ಆಗಷ್ಟೇ ಕುರ್ಚಿಗೆ ಬೆನ್ನು ಕೊಟ್ಟಿದ್ದರು. ಎದುರಿಗೆ ಕೂತವರು ಊರಿನ ವಾದ್ಯವೃಂದದಲ್ಲಿ ಸ್ವರಪುಸ್ತಕಗಳ ಉಸ್ತುವಾರಿ ನೋಡಿಕೊಳ್ಳುವ ಮೇಡಂ. ಈ ವರ್ಷದ ಕಛೇರಿ ಸರಣಿ ಶನಿವಾರ ಶುರುವಾಗಬೇಕಿತ್ತು.

"ಕಳುವಾದದ್ದೇನು?"

"ವಯೋಲಾದವರ ಐದು ಪುಸ್ತಕ, ಸಾರ್."

"ವಯೋಲಾ ಅಂದ್ರೆ?"

"ಪಿಟೀಲಿನ ಅಕ್ಕ ಅಂದ್ಕೊಳ್ಳಿ. ಮೈಯೂ ದಪ್ಪ, ದನಿಯೂ ದಪ್ಪ. ಹತ್ತು ಜನ ನುಡಿಸ್ತಾರೆ, ಇಬ್ಬರಿಗೊಂದು ಪುಸ್ತಕ."

"ಹೊಸದು ಸಿಗಲ್ವಾ?"

"ಅಚ್ಚಾದದ್ದು ಸಿಗುತ್ತೆ. ಪೆನ್ಸಿಲ್ ಗುರುತು ಎಲ್ಲಿ ಸಿಗುತ್ತೆ? ಎಲ್ಲಿ ಕಮಾನು ಮೇಲೆ, ಎಲ್ಲಿ ಕೆಳಗೆ ಅಂತ ಇಪ್ಪತ್ತು ವರ್ಷದಿಂದ ಬರೆದಿಟ್ಟದ್ದು. ಅದಿಲ್ಲದಿದ್ರೆ ಹತ್ತು ಕಮಾನು, ಹತ್ತು ದಿಕ್ಕು. ಎಲ್ಲಾ ಪುಸ್ತಕ ಒಂದ್ಸಲ ನೋಡ್ತೀನಿ, ಸೋಮವಾರ ಮನೆಗೆ ಕಳಿಸಿ ಅಂತ ಕಂಡಕ್ಟರ್ ಶುಕ್ರವಾರ ಹೇಳಿದ್ರು. ಇವತ್ತು ಬೀರು ತೆಗೆದ್ರೆ ಈ ಐದು ಇಲ್ಲ."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದ. "ಕಂಡಕ್ಟರಾ? ಯಾವ ರೂಟು, ಮೇಡಂ?"

"ಬಸ್ಸಿನೋರಲ್ಲಪ್ಪ, ಎದುರು ನಿಂತು ಕೈ ಬೀಸಿ ಎಲ್ಲರನ್ನೂ ನುಡಿಸೋರು."

"ನೀನು ಬರಿಯಪ್ಪ," ಎಂದರು ಇನ್ಸ್‌ಪೆಕ್ಟರ್. ಎಫ್‌ಐಆರ್ ಆಯಿತು.

12.15ಕ್ಕೆ ಸ್ಥಳ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ. ಅದರ ಕೀ ಟೀ ಕಾಸುವ ಕೋಣೆಯಲ್ಲಿ, ಕೆಟಲ್ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಎಂಬತ್ತು ಜನರ ಕೈಗೂ ಎಟುಕುವಂತೆ. ಗೋಡೆಯ ಮೇಲೊಂದು ನೋಟಿಸು: ವಯೋಲಾದಲ್ಲಿ ಎರಡು ಕುರ್ಚಿ ಕಡಿತ, ಉಳಿಯುವವರ ಪಟ್ಟಿಗೆ ಈ ವಾರ ಕಂಡಕ್ಟರ್ ಸಹಿ ಹಾಕುತ್ತಾರೆ.

ವಯೋಲಾದ ಹತ್ತೂ ಜನರನ್ನು ಒಬ್ಬೊಬ್ಬರಾಗಿ ಕರೆದು ವಿಚಾರಿಸಲಾಯಿತು. ಹತ್ತೂ ಜನ ಒಂದೇ ಶ್ರುತಿಯಲ್ಲಿ "ಗೊತ್ತಿಲ್ಲ ಸಾರ್" ಎಂದರು.

"ನುಡಿಸುವಾಗ ಇಷ್ಟು ಹೊಂದಾಣಿಕೆ ಇರಲ್ಲ, ಸಾರ್," ಎಂದರು ಮೇಡಂ.

ಮಂಗಳವಾರ ಮಧ್ಯಾಹ್ನ 3ಕ್ಕೆ, ಹೊಸದಾಗಿ ತರಿಸಿದ, ಪೆನ್ಸಿಲ್ ಗುರುತಿಲ್ಲದ ಖಾಲಿ ಪುಸ್ತಕಗಳಲ್ಲಿ ತಾಲೀಮು. ಇನ್ಸ್‌ಪೆಕ್ಟರ್ ಕೊನೆಯ ಸಾಲಿನಲ್ಲಿ ಕೂತು, ಯಾರಿಗೂ ಕಾಣದಂತೆ ಬೂಟು ಕಳಚಿದರು. ಇನ್ನೇನು ಕಣ್ಣು ಎಳೆಯಬೇಕು, ಕಂಡಕ್ಟರ್ ವಯೋಲಾದವರತ್ತ ಕೈ ಎತ್ತಿದರು. ಒಂಬತ್ತು ವಯೋಲಾ ಒಮ್ಮೆಲೇ ನುಗ್ಗಿದವು. ಉಳಿದ ಎಪ್ಪತ್ತು ಜನ ಇನ್ನೂ ಪುಸ್ತಕದ ಹಿಂದಿನ ಸಾಲನ್ನೇ ನುಡಿಸುತ್ತಿದ್ದರು. ಸಂತೆ.

"ಇಪ್ಪತ್ತು ವರ್ಷದಲ್ಲಿ ಈ ಜಾಗದಲ್ಲಿ ಒಂದ್ಸಲಾನೂ ಎಡವಿಲ್ಲ! ಇವತ್ತೇನು ಬಂತು ನಿಮಗೆ?" ಎಂದು ಕಂಡಕ್ಟರ್ ಕೂಗಾಡಿದರು.

ಎಡವದವನು ಒಬ್ಬನೇ. ವಯೋಲಾದ ಮೊದಲ ಕುರ್ಚಿಯ ಹಿರಿಯ, ಕಮಾನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಇನ್ಸ್‌ಪೆಕ್ಟರ್ ಬೂಟು ಹಾಕಿಕೊಂಡರು.

4.30, ಟೀ ಕೋಣೆ.

"ನೀವೊಬ್ರೇ ಯಾಕೆ ಶುರು ಮಾಡಲಿಲ್ಲ?"

"ಅಲ್ಲಿ ಕಾಯ್ಬೇಕು, ಸಾರ್."

"ಅವರು ಕೈ ಎತ್ತಿದ್ರಲ್ಲ?"

"ಎತ್ತಿದ್ರೂ ಕಾಯ್ಬೇಕು ಅಂತ ಬರೆದಿದೆ."

"ಎಲ್ಲಿ? ಈ ಪುಸ್ತಕ ಖಾಲಿ."

ಹಿರಿಯ ಕೈಲಿದ್ದ ಟೀ ಲೋಟ ಕೆಳಗಿಟ್ಟ.

"ಬರೆದೋರು ಯಾರು?"

"ಗುರುತು ಹಾಕೋ ಕೆಲಸ ನಂದು, ಸಾರ್. ಐದರಲ್ಲೂ ನನ್ನದೇ ಅಕ್ಷರ."

ಸಂಜೆ 6.05ಕ್ಕೆ ಮನೆ ಶೋಧ. ಊಟದ ಮೇಜಿನ ಮೇಲೆ ಐದೂ ಪುಸ್ತಕ, ಸವೆದ ಎರಡು ರಬ್ಬರು.

"ತಗೊಂಡು ಹೋಗಿ ಅಣ್ಣಾ," ಎಂದಳು ಅವನ ಹೆಂಡತಿ. "ಮೂರು ದಿನದಿಂದ ರಬ್ಬರ್ ಪುಡಿ ಗುಡಿಸಿ ಸೊಂಟ ಬಿದ್ದೋಯ್ತು. ಅಳಿಸಿ ಮುಗಿಸ್ತಾರಾ ಅಂದ್ರೆ ಅದೂ ಇಲ್ಲ. ಒಂದು ಪುಟ ಅಳಿಸೋದು, ಹತ್ತು ಪುಟ ಓದ್ಕೊಂಡು ನಗೋದು."

ಪಂಚರ ಸಮಕ್ಷಮ ಜಪ್ತಿ ಆಯಿತು. 6.50ಕ್ಕೆ ಬಂಧನ. ಹೇಳಿಕೆ ಚಿಕ್ಕದಾಗಿತ್ತು: ಇಪ್ಪತ್ತೆರಡು ವರ್ಷ ಕೂತ ಕುರ್ಚಿ, ಬೇರೆ ಕೆಲಸ ಬರದು, ಪಟ್ಟಿಗೆ ಸಹಿ ಹಾಕುವ ಕೈಗೇ ಈ ಅಕ್ಷರ ಸಿಕ್ಕರೆ ತನ್ನ ಹೆಸರು ಉಳಿಯುವುದಿಲ್ಲ ಎಂಬ ದಿಗಿಲು. ರಾತ್ರಿಯೇ ಠಾಣಾ ಜಾಮೀನು ಕೊಟ್ಟರು.

ಬುಧವಾರ 11ಕ್ಕೆ ಮಾಲು ಗುರುತಿಸಲು ಕಂಡಕ್ಟರ್ ಬಂದರು. ಆರೋಪಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ. ಮಾಲಿನ ಮೇಲಿನ ಗುರುತುಗಳನ್ನು ಓದಿ ದಾಖಲಿಸಬೇಕು. ಓದುವವನು ಹೆಡ್ ಕಾನ್‌ಸ್ಟೇಬಲ್. ಯಾರ ದನಿ ಕಿವಿಗೆ ಬಿದ್ದರೂ ಮರುದಿನ ಅವನ ಬಾಯಲ್ಲಿ ಇರುತ್ತಿತ್ತು. ಹಿಂದಿನ ದಿನ ತಾಲೀಮಿನಲ್ಲಿ ಕೇಳಿದ್ದ ಕಂಡಕ್ಟರರ ಗತ್ತಿನ ಗಂಟಲಿನಲ್ಲೇ ಶುರು ಮಾಡಿದ:

"ಪುಟ ಎರಡು. 'ಇಲ್ಲಿ ಕಂಡಕ್ಟರ್ ಮೇಷ್ಟ್ರು ಸೊಳ್ಳೆ ಹೊಡೀತಾರೆ. ಹೆದರಬೇಡಿ.' ಪುಟ ಐದು. 'ಕಣ್ಣು ಮುಚ್ಚಿದ್ದಾರೆ ಅಂದ್ರೆ ಜಾಗ ಮರೆತಿದ್ದಾರೆ. ಜೋರಾಗಿ ನುಡಿಸಿ, ಸಿಗುತ್ತೆ.' ಪುಟ ಒಂಬತ್ತು. 'ಬೇಗ ಕೈ ಎತ್ತುತ್ತಾರೆ. ನಂಬಬೇಡಿ. ನಾಲ್ಕು ಎಣಿಸಿ ಶುರು ಮಾಡಿ. ಪಾಪ, ಅವರಿಗೆ ಗೊತ್ತಾಗದ ಹಾಗೆ.'"

ಪಂಚರಲ್ಲೊಬ್ಬ ಕೆಮ್ಮಿದ. ಇನ್ಸ್‌ಪೆಕ್ಟರ್ ಹಣೆಗೆ ಕೈ ಅಡ್ಡ ಹಿಡಿದು ಮುಖ ಮರೆಸಿಕೊಂಡರು. ಕಂಡಕ್ಟರ್ ಪುಸ್ತಕದತ್ತ ಬಾಗಿದರು.

"ಪ್ರತೀ ಸಲಾನಾ?"

"ಹೂಂ ಸಾರ್," ಎಂದ ಆರೋಪಿ. "ಇಪ್ಪತ್ತು ವರ್ಷ."

"ಅಲ್ಲಯ್ಯಾ, ಈ ಜಾಗಕ್ಕೇ ಅಲ್ವಾ ಪೇಪರ್‌ನೋರು ಬರೆದಿದ್ದು? 'ಇಂಥ ತಾಳ್ಮೆ ಬೇರೆ ಯಾರಿಗಿದೆ' ಅಂತ? ನಾನು ಅದನ್ನ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದೀನಲ್ಲಯ್ಯಾ!"



"ಕೇಸು ಕೋರ್ಟಿಗೆ ಹೋಗುತ್ತೆ," ಎಂದರು ಇನ್ಸ್‌ಪೆಕ್ಟರ್ ಮೆತ್ತಗೆ. "ರಾಜಿ ಏನಿದ್ರೂ ಅಲ್ಲೇ."

"ಹೋಗಲಿ ಬಿಡಿ. ಶನಿವಾರ ಮಾತ್ರ ಇವನನ್ನ ಠಾಣೆಗೆ ಕರೀಬೇಡಿ. ಇವನ ಕುರ್ಚಿ ತೆಗೆದ್ರೆ ನಾಲ್ಕು ಎಣಿಸೋರು ಯಾರು?" ಎಂದವರೇ ಕಂಡಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಏನಪ್ಪಾ, ಆ ಒಂಬತ್ತನೇ ಪುಟ ಇನ್ನೊಂದ್ಸಲ ಓದು. ನನ್ನ ದನೀಲೇ."

ಅವನು ಓದಿದ. ಪಂಚರು ನಕ್ಕರು, ಇನ್ಸ್‌ಪೆಕ್ಟರ್ ನಕ್ಕರು, ಕೊನೆಗೆ ಬೆಂಚಿನ ತುದಿಯೂ ನಕ್ಕಿತು. ಆದರೆ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಠಾಣೆಯೊಳಗೆ ಇಣುಕಿದ್ದು ಕಂಡಕ್ಟರರ ನಗು ಕೇಳಿ.