ಒಬ್ಬರಿಗೇ, ಒಂದೇ ಸಲ

ಲಿಫ್ಟಿನೊಳಗೆ ಸಿಕ್ಕಿಕೊಂಡವರಲ್ಲಿ ನಾನು ಮೂರು ಥರದವರನ್ನು ಕಂಡಿದ್ದೆ. ಕೂಗುವವರು, ಅಳುವವರು, "ನಾನು ಯಾರು ಗೊತ್ತಾ" ಎನ್ನುವವರು. ನಾಲ್ಕನೆಯ ಥರವೊಂದಿದೆ ಎಂದು ಗೊತ್ತಾದದ್ದು ಅವತ್ತು.

ಹಳೆಯ ಕಟ್ಟಡ, ಹಳೆಯ ಲಿಫ್ಟು, ಅದರ ರಿಪೇರಿ ನನ್ನ ಪಾಲಿಗೆ. ಮೂರನೆಯ ಮಹಡಿಯಲ್ಲಿ ಕಣ್ಣಿನ ಕ್ಲಿನಿಕ್. ಎರಡಕ್ಕೂ ಮೂರಕ್ಕೂ ನಡುವೆ ಲಿಫ್ಟ್ ನಿಂತಿದೆ, ಒಳಗೊಬ್ಬಳು ಹುಡುಗಿ ಇದ್ದಾಳೆ ಎಂದು ಫೋನ್ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಕಲಸಿದ ಅನ್ನ ಹಾಗೇ ಬಿಟ್ಟು ಓಡಿಬಂದೆ. ಮೆಟ್ಟಿಲು ಹತ್ತಿ, ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ.

"ಮೇಡಂ, ಹೆದರ್ಬೇಡಿ! ಈಗ ತೆಗೀತೀನಿ!"

ಉತ್ತರವಿಲ್ಲ. ಬಾಗಿಲು ಬಡಿದೆ.

"ಮೇಡಂ! ಕೇಳಿಸ್ತಾ?"

"ಕೇಳಿಸ್ತು," ಎಂದಿತು ಒಳಗಿನ ದನಿ, ಯಾವ ಗಾಬರಿಯೂ ಇಲ್ಲದೆ. "ಐದು ನಿಮಿಷ ತಡೀರಿ. ಅಧ್ಯಾಯ ಮುಗೀತಾ ಬಂತು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದು ಎಂದರು. ಮೂರನೆಯ ಸಾಲಿನಲ್ಲಿ ನಾಲಿಗೆ ತಡವರಿಸಿತು, ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಪುಸ್ತಕವನ್ನು ಬೆಂಚಿನ ಮೇಲೆ ಕುಕ್ಕಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಅಂಥ ನನಗೆ, ನನ್ನದೇ ಲಿಫ್ಟಿನೊಳಗೆ ಕೂತು ಯಾರೋ ಪುಸ್ತಕ ಓದುತ್ತಾ "ತಡೀರಿ" ಎಂದರೆ ಹೇಗಾಗಬೇಡ!

"ರೀ, ಇದೇನು ಲೈಬ್ರರಿನಾ? ಅರ್ಧ ಊಟ ಬಿಟ್ಟು ಬಂದಿದೀನಿ!"

"ಅಯ್ಯೋ, ಹೌದಾ? ಹಾಗಾದ್ರೆ ಮೂರು ನಿಮಿಷ."

ಸರಪಳಿ ಎಳೆದು, ಬಾಗಿಲು ಬಿಚ್ಚಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಕೈಯಲ್ಲಿ ಫೋನು. ತಲೆ ಎತ್ತಿ ನೋಡಿದಳು. ಬೇರೆಯವರು ಮುಖ ನೋಡುತ್ತಾರೆ, ಇವಳು ನೇರ ಕಣ್ಣನ್ನೇ ನೋಡಿದಳು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಒಳಗೇನಿದೆ ಎಂದು ಟಾರ್ಚ್ ಬಿಟ್ಟ ಹಾಗೆ.

"ಕಣ್ಣು ಕೆಂಪಗಿದೆ," ಎಂದಳು. "ಧೂಳಾ, ಸಿಟ್ಟಾ?"

"ಎರಡೂ."

ಕಿಸಕ್ಕನೆ ನಕ್ಕಳು. ಕ್ಲಿನಿಕ್ಕಿನಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಅವಳಿಗೊಂದು ಹೆಸರಿತ್ತು, ಇರಲಿ. ಆ ಕ್ಷಣದಿಂದ ನನ್ನ ಪಾಲಿಗೆ ಅವಳು 'ಐದ್ನಿಮಿಷ'. ಅವಳ ಪಾಲಿಗೆ ನಾನು 'ಕೋಪಿಷ್ಠರು'. ಬಹುವಚನದಲ್ಲಿ, ಗೌರವವಾಗಿ.

ಮರುದಿನ ಲಿಫ್ಟಿನ ತಂತಿ ಬದಲಾಯಿಸುತ್ತಿದ್ದಾಗ ಬಂದು ನಿಂತಳು.

"ನಿನ್ನೆ ನಿಮ್ಮ ಊಟ ಕೆಡಿಸಿದ್ನಲ್ಲ, ಅದಕ್ಕೆ ಒಂದು ಪುಸ್ತಕ ಕೊಡ್ತೀನಿ. ನಂಬರ್ ಹೇಳಿ."

"ನಾನು ಓದಲ್ಲ. ನೋಡಿ ಕೈ." ಹತ್ತೂ ಬೆರಳಿಗೂ ಗ್ರೀಸು.

"ಪೇಪರ್ ಪುಸ್ತಕ ಅಲ್ಲ, ಇ-ಬುಕ್ಕು. ಒರೆಸಿದ್ರೆ ಹೋಗತ್ತೆ. ಅಕ್ಷರಾನ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೋಬಹುದು. ಯಾರ ಮುಂದೇನೂ ಗಟ್ಟಿಯಾಗಿ ಓದಬೇಕಾಗಿಲ್ಲ."

ಆ ಕೊನೆಯ ಮಾತು ಅವಳಿಗೆ ಯಾರು ಹೇಳಿಕೊಟ್ಟರೋ! ಸುಮ್ಮನೆ ಬಾಯಿಗೆ ಬಂದದ್ದು ಅಂದಿದ್ದಾಳೆ, ಇವತ್ತಿಗೂ. ನಾನು ನಂಬರ್ ಹೇಳಿದೆ.

ಅವಳ ಫೋನಿನಿಂದ ಹೊರಟ ಪುಸ್ತಕ ನನ್ನ ಫೋನಿಗೆ ಬಂದು ಕೂತಿತು. ಲಿಫ್ಟ್ ಓಡಾಡುವ ಗುಂಡಿಯ ತಳದಲ್ಲಿ ಕೂತು, ಬೆರಳ ಗೆಣ್ಣಿನಿಂದ ಪುಟ ಸರಿಸುತ್ತಾ ಓದಿದೆ. ತೆಳ್ಳಗಿನ ಪತ್ತೇದಾರಿ ಕಥೆ. ನಾಲ್ಕೇ ದಿನಕ್ಕೆ ಮುಗಿಸಿ, ವಾಪಸ್ ಬಟನ್ ಒತ್ತಿ, ಮೂರನೆಯ ಮಹಡಿಗೆ ಹೋಗಿ ಜಗಳ ತೆಗೆದೆ.

"ಕೊಲೆ ಮಾಡಿದ್ದು ಭಾವಮೈದ ಅಂತೆ! ಅವನಿಗೆ ಏಣಿ ಹತ್ತೋಕೇ ಬರಲ್ಲ ಅಂತ ಅವರೇ ಬರೆದಿದ್ದಾರೆ. ಮೇಲಿನ ಕಿಟಕಿಗೆ ಹೆಂಗೆ ಹೋದ? ನನ್ನ ಲಿಫ್ಟಲ್ಲಿ ಹೋದ್ನಾ?"

ಅವಳು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕಳು. ಆ ನಗುವಿಗಾಗಿ ಇನ್ನೊಂದು ಪುಸ್ತಕ ಕೇಳಿದೆ. ಆಮೇಲೆ ಮತ್ತೊಂದು.

ಆ ಕಟ್ಟಡದ ಲಿಫ್ಟಿಗೆ ಆ ತಿಂಗಳುಗಳಲ್ಲಿ ಸಿಕ್ಕಷ್ಟು ಉಪಚಾರ ರಾಜಮನೆತನದವರಿಗೂ ಸಿಕ್ಕಿರಲಿಕ್ಕಿಲ್ಲ. ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಅಕ್ಕ, ಅವಳ ಜೀವದ ಗೆಳತಿ, ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು. "ಏನಪ್ಪಾ, ಲಿಫ್ಟಿಗೆ ಮತ್ತೆ ಜ್ವರಾನಾ?"

ಮನೆಯಲ್ಲಿ ಅಮ್ಮನದು ಇನ್ನೊಂದು.

"ಮೊಬೈಲ್ ನೋಡ್ಕೊಂಡು ಒಬ್ಬನೇ ನಗ್ತೀಯ. ಯಾರೋ ಅವಳು?"

"ಪುಸ್ತಕ ಅಮ್ಮಾ, ಪುಸ್ತಕ!"

"ಹೌದೌದು. ಪುಸ್ತಕ ವಾಪಸ್ ಕೊಡೋಕೆ ಯಾರಾದ್ರೂ ಎರಡೆರಡು ಸಲ ತಲೆ ಬಾಚ್ಕೊಂಡು ಹೋಗ್ತಾರಾ?"

ಹಾಗಿರುವಾಗ ಬಂತು ಆ ದಪ್ಪ ಕಾದಂಬರಿ. ಹಡಗಿನ ಅಡುಗೆಯವನೊಬ್ಬ, ಬಂದರಿನಲ್ಲಿ ಮೂಟೆ ತೂಗುವ ಹೆಂಗಸೊಬ್ಬಳು. ಹಡಗು ಬಂದಾಗಲೆಲ್ಲ ಅವನು ಇಳಿಯುತ್ತಾನೆ, ಅವಳ ಪಕ್ಕ ಕೂರುತ್ತಾನೆ, ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಹಡಗು ಹತ್ತುತ್ತಾನೆ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬಾಯಿ ಬಿಡೋ ಮೂರ್ಖ!" ಎಂದು ಗುಂಡಿಯ ತಳದಿಂದ ಕೂಗಿದ್ದೇನೆ. ಮೇಲೆ ಯಾರೋ ಬೆಚ್ಚಿಬಿದ್ದು ಮೆಟ್ಟಿಲಲ್ಲೇ ಹೋದರು.

ನಿಧಾನವಾಗಿ ಓದಿದೆ. ಇಷ್ಟವಾದ ಪುಟಗಳನ್ನು ಎರಡೆರಡು ಸಲ ಓದಿದೆ. ಉಳಿದದ್ದು ಕೊನೆಯ ಅಧ್ಯಾಯ ಒಂದೇ. ಹಡಗು ಕೊನೆಯ ಸಲ ಬಂದರಿಗೆ ಬಂದಿದೆ, ಅಡುಗೆಯವ ಏಣಿಯ ಮೇಲೆ ನಿಂತಿದ್ದಾನೆ.

ಅವತ್ತು ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲಲ್ಲಿ ಹಾದುಹೋಗುವಾಗ, ಹೊಸದಾಗಿ ಬಂದ ಚಿಕ್ಕ ಡಾಕ್ಟರು ಅವಳ ಮೇಜಿಗೆ ಒರಗಿ ನಿಂತು ಕೇಳುತ್ತಿದ್ದರು. "ಆ ಹಡಗಿನ ಕಾದಂಬರಿ ನಿಮ್ಮ ಹತ್ರ ಇದೆಯಂತೆ, ನನಗೂ ಕೊಡ್ತೀರಾ?" ಬಿಳಿ ಕೋಟು, ಇಸ್ತ್ರಿ ಮಾಡಿದ ನಗು. ಇವಳೂ ನಕ್ಕಳು. ಅವಳೇನು ಹೇಳಿದಳೆಂದು ಕೇಳಲು ನಾನು ನಿಲ್ಲಲಿಲ್ಲ.

ಸಂಜೆ ನಾಲ್ಕಕ್ಕೆ ಫೋನ್ ತೆರೆದೆ. ಪುಸ್ತಕ ಇಲ್ಲ.

ಎಲ್ಲ ಕಡೆ ಹುಡುಕಿದೆ. ನಿನ್ನೆ ಇದ್ದ ಜಾಗ ಖಾಲಿ. ಹಲ್ಲು ಕಿತ್ತ ಒಸಡಿನ ಹಾಗೆ.

ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಮೂರು ಮಹಡಿ ಮೆಟ್ಟಿಲು ಹಾರಿ, ಕ್ಲಿನಿಕ್ಕಿಗೆ ನುಗ್ಗಿದೆ. ಪೇಷಂಟುಗಳೆಲ್ಲ ಹೋಗಿದ್ದರು. ಅವಳು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

"ಕಿತ್ಕೊಂಡ್ರಲ್ಲ!"

ಕಣ್ಣು ಬಿಟ್ಟಳು. "ಏನನ್ನ?"

"ಪುಸ್ತಕಾನ! ಒಂದೇ ಅಧ್ಯಾಯ ಇತ್ತು. ಎಂಟನೇ ಕ್ಲಾಸ್ ಬಿಟ್ಟವನು ಮೆಲ್ಲಗೆ ಓದ್ತಾನೆ ಅಂತ ಮೊದಲೇ ಗೊತ್ತಿರಲಿಲ್ವಾ? ಚಿಕ್ಕ ಡಾಕ್ಟ್ರಾದ್ರೆ ಒಂದೇ ಉಸಿರಿಗೆ ಮುಗಿಸ್ತಾರೆ, ಅಲ್ವಾ? ಅವರಿಗೇ ಕೊಡಿ! ನನಗೆ ದಾನ ಮಾಡಿದ್ದು ಸಾಕು."

ಅವಳ ಮುಖದ ಬಣ್ಣ ಇಳಿಯಿತು. ಎದ್ದು, ಗೋಡೆಯನ್ನು ಕೈಯಲ್ಲಿ ಸವರಿಕೊಳ್ಳುತ್ತಾ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟೋಕನ್ ಅಕ್ಕ ಕೌಂಟರಿನ ಹಿಂದಿನಿಂದ ಎದ್ದಳು. ಎದ್ದ ರೀತಿಯಲ್ಲೇ ಗೊತ್ತಾಯಿತು, ನನಗೆ ಮಂಗಳಾರತಿ ಕಾದಿದೆ ಎಂದು.

"ಲೇ ಲಿಫ್ಟು! ತಲೆ ಇದ್ಯಾ ನಿಂಗೆ, ಅದನ್ನೂ ಗುಂಡಿಗೆ ಬೀಳಿಸ್ಕೊಂಡ್ಯಾ? ಎರಡು ವಾರ ಆದ್ರೆ ಅದು ತಾನಾಗೇ ವಾಪಸ್ ಹೋಗತ್ತೆ ಕಣೋ. ಯಾರೂ ಕಿತ್ಕೊಬೇಕಾಗಿಲ್ಲ!"

"ತಾನಾಗೇ? ನನಗ್ಯಾರೂ ಹೇಳಲೇ ಇಲ್ಲ..."

"ಬಾಯ್ಮುಚ್ಚು, ಇನ್ನೂ ಇದೆ. ಒಂದು ಪುಸ್ತಕಾನ ಒಬ್ಬರಿಗೇ, ಒಂದೇ ಸಲ ಕೊಡೋಕಾಗೋದು. ಆಮೇಲೆ ದೇವರೇ ಕೇಳಿದ್ರೂ ಇಲ್ಲ. ನಾನು ಕೇಳ್ದೆ, ಕೊಟ್ಟಾಯ್ತು ಅಂದ್ಳು. ಅವಳ ತಂಗಿ ಕೇಳಿದ್ಳು, ಕೊಟ್ಟಾಯ್ತು. ಚಿಕ್ಕ ಡಾಕ್ಟ್ರು ಇವತ್ತು ಕೇಳಿದ್ರು, ಕೊಟ್ಟಾಯ್ತು. ಯಾರಿಗಮ್ಮಾ ಅಂದ್ರೆ, ನಗ್ತಾಳೆ! ಅವಳ ಹತ್ರ ಇರೋ ಪುಸ್ತಕ ಎಲ್ಲಾ ಲಿಫ್ಟ್ ಹತ್ಕೊಂಡು ನಿನ್ನ ಹತ್ರ ಹೋಗಿವೆ. ಅಷ್ಟೇ ಅಲ್ಲ, ಪುಸ್ತಕ ನಿನ್ನ ಹತ್ರ ಇದ್ದಷ್ಟು ದಿನ ಅವಳ ಫೋನಲ್ಲಿ ತೆರ್ಕೊಳ್ಳೋದೇ ಇಲ್ಲ. ಪಾಪ, ಬಸ್ಸಲ್ಲಿ ಕಿಟಕಿ ನೋಡ್ಕೊಂಡು ಬರ್ತಾಳೆ. ಪುಸ್ತಕ ಇಲ್ದೆ ಮೂರು ಮಹಡಿ ಇಳಿಯದವಳು!"

ನಾನು ಗಾಳಿ ಹೋದ ಟೈರಿನ ಹಾಗೆ ನಿಂತೆ. ಸ್ಪ್ಯಾನರನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

"ಗೋಡೆ ಹಿಡ್ಕೊಂಡು ಯಾಕೆ ಹೋದ್ರು?" ಎಂದೆ, ಸಣ್ಣ ದನಿಯಲ್ಲಿ.

"ಇವತ್ತು ಸ್ಟಾಫಿಗೆಲ್ಲ ಕಣ್ಣು ಪರೀಕ್ಷೆ. ಡ್ರಾಪ್ಸ್ ಹಾಕಿದ್ದಾರೆ. ಇನ್ನು ಮೂರ್ನಾಲ್ಕು ಗಂಟೆ ಹತ್ತಿರದ್ದೇನೂ ಕಾಣಲ್ಲ. ಕಣ್ಣು ಕಾಣೋ ನೀನು ಮಾತ್ರ ಏನ್ ಮಹಾ ನೋಡ್ದೆ!"

ಅಲ್ಲಿ ನಿಲ್ಲಲಾಗಲಿಲ್ಲ. ಅವತ್ತು ಲಿಫ್ಟಿಗೆ ಎಣ್ಣೆ ಹಾಕುವ ದಿನ. ಕೆಳಗೆ 'ಕೆಲಸ ನಡೆದಿದೆ' ಎಂಬ ಬೋರ್ಡು ತಗುಲಿಹಾಕಿ, ಲಿಫ್ಟನ್ನು ಮೂರನೆಯ ಮಹಡಿಗೆ ತಂದು ನಿಲ್ಲಿಸಿ, ಬಾಗಿಲ ಹಳಿ ಒರೆಸುತ್ತಾ ಕೂತೆ. ಒರೆಸಿದ್ದನ್ನೇ ಒರೆಸಿದೆ. ಜೀವಮಾನವಿಡೀ ಬೇರೆಯವರ ಮೇಲೆ ಸಿಟ್ಟು ಮಾಡಿದ್ದೆ, ನನ್ನ ಮೇಲೆ ಮಾಡಿಕೊಂಡು ಅಭ್ಯಾಸವಿರಲಿಲ್ಲ. ಇನ್ನು ಅವಳು ಮೆಟ್ಟಿಲಲ್ಲೇ ಓಡಾಡುತ್ತಾಳೆ, ಇನ್ಯಾರಿಗೋ ಪುಸ್ತಕ ಕೊಡುತ್ತಾಳೆ. ಹಡಗು ಹೊರಟೇ ಹೋಯಿತು ಎಂದುಕೊಂಡೆ.

ಎರಡು ಚಪ್ಪಲಿಗಳು ಬಂದು ಹಳಿಯ ಪಕ್ಕ ನಿಂತವು.

"ಲಿಫ್ಟ್ ಇಳಿಯತ್ತಾ?"

"ಇಲ್ಲ. ಎಣ್ಣೆ ಹಾಕ್ತಿದೀನಿ."

"ಮೆಟ್ಟಿಲು ನನಗೆ ಸರಿಯಾಗಿ ಕಾಣಲ್ಲ."

"ಕೈ ಹಿಡ್ಕೊಂಡು ಇಳಿಸ್ತೀನಿ," ಎಂದವನು ನಾಲಿಗೆ ಕಚ್ಚಿಕೊಂಡೆ. "ಅಂದ್ರೆ... ಗ್ರೀಸ್ ಒರೆಸ್ಕೊಂಡು."

ಅವಳು ಇಳಿಯಲಿಲ್ಲ. ಲಿಫ್ಟಿನೊಳಗೆ ಬಂದು, ಮೊದಲ ದಿನದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಕಣ್ಣಿನ ಕಪ್ಪೆಲ್ಲ ಅರಳಿ, ಬಾವಿಯ ಹಾಗೆ ಆಳವಾಗಿತ್ತು. ಲಿಫ್ಟಿನ ದೀಪ ಅದರೊಳಗೆ ಸಣ್ಣಗೆ ತೇಲುತ್ತಿತ್ತು.

"ನಾನು..." ಎಂದೆ. "ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಅದರಲ್ಲಿ ಅರ್ಧ ಸಿಟ್ಟು, ಅರ್ಧ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಾ? ಯಾರ ಮೇಲೆ?"

"ಇಸ್ತ್ರಿ ಮೇಲೆ."

ತಡೆಯಲು ನೋಡಿದಳು, ಆಗಲಿಲ್ಲ. ನಗು ಮೊದಲು ಗಲ್ಲಕ್ಕೆ ಬಂತು, ಆಮೇಲೆ ಭುಜಕ್ಕೆ. ಆದರೂ ದನಿ ಬಿಗಿ ಮಾಡಿಕೊಂಡಳು.

"ದಾನ ಅಂದ್ರಿ. ಅದು ನೋವಾಯ್ತು. ನಾನು ದಾನ ಮಾಡೋಳಲ್ಲ. ಭಾವಮೈದ ಏಣಿ ಹೆಂಗೆ ಹತ್ತಿದ ಅಂತ ಕೇಳೋರು ಇನ್ಯಾರೂ ನನಗೆ ಸಿಕ್ಕಿಲ್ಲ, ಅದಕ್ಕೆ ಕೊಟ್ಟೆ. ಎಲ್ಲರೂ ಓದಿ 'ಚೆನ್ನಾಗಿದೆ' ಅಂತಾರೆ. ನೀವು ಜಗಳಕ್ಕೆ ಬರ್ತೀರಿ. ಆ ಜಗಳ ನನಗೆ ಬೇಕು."

ಎಣ್ಣೆಯ ಡಬ್ಬಿ ಬದಿಗಿಟ್ಟೆ.

"ಕೊನೇಲಿ ಅವನು ಹೇಳ್ತಾನಾ?" ಎಂದೆ. "ಆ ಅಡುಗೆಯವನು?"

"ಗೊತ್ತಿಲ್ಲ. ಆ ಅಧ್ಯಾಯ ನಾನೂ ಓದಿಲ್ಲ. ನೀವು ಮುಗಿಸ್ತೀರಿ, ಬಂದು ಬೈತೀರಿ, ಆಮೇಲೆ ಓದೋಣ ಅಂತ ಬಿಟ್ಟಿಟ್ಟಿದ್ದೆ." ಫೋನನ್ನು ಚಾಚಿದಳು. "ಈಗ ಇದು ನನ್ನ ಹತ್ರ ವಾಪಸ್ ಬಂದಿದೆ. ಮತ್ತೆ ನಿಮಗೆ ಕೊಡೋಕಾಗಲ್ಲ. ನನಗೆ ಅಕ್ಷರ ಕಾಣಲ್ಲ. ನೀವೇ ಓದ್ಬೇಕು. ಗಟ್ಟಿಯಾಗಿ."

ಕೈಯಲ್ಲಿನ ಬಟ್ಟೆ ಕೆಳಗೆ ಬಿತ್ತು.

"ಅದೊಂದು ಬೇಡ. ನಾನು ತಡವರಿಸ್ತೀನಿ. ನಗ್ತಾರೆ."

"ಯಾರು ನಗ್ತಾರೆ? ಇಲ್ಲಿ ನಾನೊಬ್ಳೇ ಇರೋದು. ನನಗೆ ನಿಮ್ಮ ಮುಖಾನೂ ಕಾಣಲ್ಲ."

"ಒಂಚೂರೂ ಕಾಣಲ್ವಾ?"

"ದೂರ ನಿಂತ್ರೆ ಸ್ಪಷ್ಟವಾಗಿ ಕಾಣ್ತೀರಿ. ಹತ್ತಿರ ಬಂದ್ರೆ ಮಸುಕು."

"ಹಾಗಾದ್ರೆ ದೂರ ನಿಲ್ಲಲಾ?"

"ಬೇಡ," ಎಂದಳು ಮೆಲ್ಲಗೆ. "ಮಸುಕಾಗೇ ಇರಿ."

ಕೈ ಒರೆಸಿಕೊಂಡೆ. ಪಕ್ಕದಲ್ಲಿ ಕೂತೆ. ಅಕ್ಷರವನ್ನು ದೊಡ್ಡದು ಮಾಡಿದೆ. ಬೆಂಚು, ಮೇಷ್ಟ್ರು, ನಲವತ್ತು ಹಲ್ಲುಸಾಲು ಎಲ್ಲ ಒಮ್ಮೆಗೇ ಕಣ್ಣೆದುರು ಬಂದವು. ಓದತೊಡಗಿದೆ.

ಮೂರನೆಯ ಸಾಲಿನಲ್ಲಿ ನಾಲಿಗೆ ಸಿಕ್ಕಿಕೊಂಡಿತು. 'ಹಗ್ಗದೇಣಿ' ಎಂಬ ಪದ. ಹ ಎಂದೆ, ಹಗ್ ಎಂದೆ, ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಅವಳು ನಗಲಿಲ್ಲ. ಆ ಪದವನ್ನು ನನ್ನ ಬದಲು ಹೇಳಿಯೂ ಕೊಡಲಿಲ್ಲ. ಗಲ್ಲಕ್ಕೆ ಕೈಯಿಟ್ಟು, ಮುಂದೇನಾಯಿತು ಎಂದು ಕಾದಳು, ಅಷ್ಟೇ. ಪದ ಬಂತು. ಏಣಿ ಇಳಿದಾಯಿತು. ಅಡುಗೆಯವ ಬಂದರಿನ ನೆಲದ ಮೇಲೆ ಕಾಲಿಟ್ಟ. ಮುಂದಿನ ಪುಟಕ್ಕೆ ಹೋಗುವಾಗ ಅವಳ ತಲೆ ನನ್ನ ಭುಜಕ್ಕೆ ಒರಗಿತ್ತು. ಯಾವಾಗ ಒರಗಿತೋ, ಕಥೆಯ ಗುಂಗಿನಲ್ಲಿ ಗೊತ್ತೇ ಆಗಲಿಲ್ಲ. ಸುಳ್ಳು. ಚೆನ್ನಾಗಿ ಗೊತ್ತಾಯಿತು.

ಅಡುಗೆಯವ ಮತ್ತೆ ಹವಾಮಾನದ ಬಗ್ಗೆ ಮಾತಾಡತೊಡಗಿದ.

"ನೋಡಿ ಇವನ್ನ!" ಎಂದೆ, ಫೋನ್ ಕೆಳಗಿಟ್ಟು. "ಹಡಗು ಹೊರಡ್ತಾ ಇದೆ, ಇವನು ಮೋಡ ತೋರಿಸ್ತಾನೆ! ನಾನಾಗಿದ್ರೆ ಎರಡನೇ ಅಧ್ಯಾಯದಲ್ಲೇ ಹೇಳ್ತಿದ್ದೆ."

"ನೀವಾ?" ತಲೆ ಎತ್ತದೆಯೇ ಅಂದಳು. "ನಮ್ಮದು ಈಗ ಯಾವ ಅಧ್ಯಾಯ, ಕೋಪಿಷ್ಠರೇ?"

ಅವಳ ತಲೆ ಜಾರದಂತೆ ಭುಜ ಸರಿಮಾಡಿಕೊಂಡೆ.

"ನೀವಂದ್ರೆ ನನಗೆ ಪ್ರಾಣ," ಎಂದೆ. ಒಂದಕ್ಷರವೂ ತಡವರಿಸಲಿಲ್ಲ. "ಪುಸ್ತಕ ಕೊಡೋದು ನಿಲ್ಲಿಸಿದ್ರೂ."

"ನಿಲ್ಲಿಸಲ್ಲ. ಇನ್ಮೇಲೆ ಕಳಿಸೋದು ಮಾತ್ರ ಇಲ್ಲ. ಒಂದೇ ಫೋನು, ಇಬ್ಬರೂ ಓದೋದು." ಕೈಯನ್ನು ಹುಡುಕುತ್ತಾ ಬಂದ ಅವಳ ಬೆರಳು ನನ್ನ ಬೆರಳಿಗೆ ಸಿಕ್ಕಿತು. "ನಾನೂ ಒಬ್ಬರಿಗೇ, ಒಂದೇ ಸಲ. ವಾಪಸ್ ಬಟನ್ ಇಲ್ಲ. ಯೋಚ್ನೆ ಮಾಡಿ."

"ಮಾಡಿಯಾಯ್ತು."

"ಗ್ರೀಸು ಪೂರ್ತಿ ಹೋಗಿಲ್ಲ ನಿಮ್ಮ ಕೈದು."

"ಒರೆಸಿದ್ರೆ ಹೋಗತ್ತೆ."

"ಇರಲಿ ಬಿಡಿ."

ಕೆಳಗಿನಿಂದ ನಮ್ಮ ಮೇಸ್ತ್ರಿಯ ಕೂಗು ಗುಂಡಿಯಲ್ಲೆಲ್ಲ ಮೊಳಗಿತು. "ಲೇ! ಎಣ್ಣೆ ಹಾಕ್ತಿದೀಯೋ, ಎಣ್ಣೆ ತೆಗೀತಿದೀಯೋ? ಜನ ಕಾಯ್ತಿದಾರೆ ಕಣೋ! ಎಷ್ಟೊತ್ತು ಇನ್ನೂ?"

ಬಂದರಿನಲ್ಲಿ ಆ ಹೆಂಗಸು ತಕ್ಕಡಿ ಬಿಟ್ಟು ಎದ್ದು ನಿಂತಿದ್ದಳು. ನನ್ನ ಭುಜದ ಮೇಲಿನ ತಲೆ ಅಲುಗಲಿಲ್ಲ. ಬಾಗಿಲ ಕಡೆಗೆ ಬಾಯಿ ತಿರುಗಿಸಿ, ಯಾವ ಗಾಬರಿಯೂ ಇಲ್ಲದೆ ಕೂಗಿದೆ.

"ಐದು ನಿಮಿಷ ತಡೀರಿ! ಅಧ್ಯಾಯ ಮುಗೀತಾ ಬಂತು!"