ಮೊದಲು ನೀನು ಹೇಳು

ಕುರ್ಚಿಯಲ್ಲಿ ಒರಗಿ, ಬಾಯಿ ಅಗಲಿಸಿ, ಸೂರು ನೋಡುತ್ತ ಮಲಗಿದ ಗಂಡಸಿನ ಮೇಲೆ ಯಾರಿಗಾದರೂ ಮನಸ್ಸಾಗುತ್ತದೆಯೇ? ದಿನಬೆಳಗಾದರೆ ಅಂಥ ಬಾಯಿಗಳನ್ನೇ ನೋಡುವ ಹಲ್ಲಿನ ಡಾಕ್ಟರಿಗೆ ಆವತ್ತಿನವರೆಗೂ ಹಾಗಾಗಿರಲಿಲ್ಲ.

"ಏನ್ರೀ ಇದು, ಹಲ್ಲಿನ ಮೇಲ್ಪದರ ಎಲ್ಲಾ ಸವೆದುಹೋಗಿದೆ! ಊಟಕ್ಕೆ ಬದಲು ನಿಂಬೆಹಣ್ಣು ಕಚ್ಚಿಕೊಂಡು ಬದುಕ್ತೀರಾ?"

"ಆಂ... ಅಆ..."

"ಸರಿ ಸರಿ, ಆಮೇಲೆ ಹೇಳಿ."

ಅವಳು ಸಲಕರಣೆ ತೆಗೆದ ಮೇಲೆ ಅವನು ದವಡೆ ಒತ್ತಿಕೊಂಡು ಹೇಳಿದ. "ಬಿಯರ್ ಮಾಡ್ತೀನಿ ಡಾಕ್ಟ್ರೇ. ಹಣ್ಣು ಹಾಕಿ ಮಾಡೋ ಹುಳಿ ಬಿಯರ್."

"ಬಿಯರ್ ಹುಳಿಯಾದ್ರೆ ಚೆಲ್ತಾರೆ ಅಂದ್ಕೊಂಡಿದ್ದೆ."

"ನಾವು ಮಾರ್ತೀವಿ."

ಮಾಸ್ಕಿನ ಹಿಂದೆ ಅವಳಿಗೆ ನಗು ಬಂತು. ನಗು ಮುಚ್ಚಿಕೊಳ್ಳಲೆಂದೇ ಕೇಳಿದಳು. "ಬೆಳಿಗ್ಗೆ ಎದ್ದು ಅದನ್ನೇ ಕುಡಿದು ಬಂದಿದ್ದೀರಿ ಅಲ್ವಾ? ಹಿಪ್ಪುನೇರಳೆ ಹಣ್ಣಿನ ವಾಸನೆ ಇದೆ. ಅದರ ಹಿಂದೆ ಹುಳಿ ಮೊಸರು. ಇನ್ನೊಂದೇನೋ ಇದೆ... ಆಗತಾನೇ ಚೂಪು ಮಾಡಿದ ಪೆನ್ಸಿಲ್."

ಅವನು ತಟ್ಟನೆ ಎದ್ದು ಕೂತ. ಕತ್ತಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ ಸರ್ರನೆ ಜಾರಿತು. ದಾರಿ ತಪ್ಪಿದವನು ದೂರದಲ್ಲಿ ದೀಪ ಕಂಡಂತೆ ಅವಳ ಮುಖವನ್ನೇ ನೋಡಿದ. "ಪೆನ್ಸಿಲ್... ಅದು ಮರದ ಪೀಪಾಯಿಯದು. ಇನ್ನೇನಿದೆ? ಸ್ವಲ್ಪ ಯೋಚಿಸಿ ಹೇಳಿ."

ಯಾವ ಗಂಡಸೂ ಅವಳ ಮಾತನ್ನು ಅಷ್ಟು ಹಸಿವಿನಿಂದ ಕೇಳಿರಲಿಲ್ಲ. ಅವಳ ಕಿವಿಗಳು ಬೆಚ್ಚಗಾದವು.

ಮುಂದಿನ ಸಲ ಅವನು ಬಂದ ದಿನ ಕ್ಲಿನಿಕ್ಕಿನಲ್ಲಿ ಲವಂಗದೆಣ್ಣೆಯ ಸೀಸೆ ಒಡೆದು ರಾದ್ಧಾಂತವಾಗಿತ್ತು. ಒಡೆದವಳು ಅವಳ ಅತ್ತಿಗೆ. ಅಣ್ಣನ ಹೆಂಡತಿಯಾದ ಈಕೆಯೇ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಸರದಿ ನೋಡಿಕೊಳ್ಳುತ್ತಿದ್ದಳು. ಕಾಯುತ್ತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದರೆ, ಅವನೊಬ್ಬ ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು ಹಳೇ ಪತ್ರಿಕೆ ತಿರುವುತ್ತಿದ್ದ.

"ಎಂಥಾ ಸಹನೆ ಕಣೇ!" ಒಳಗೆ ಬಂದು ಪಿಸುಗುಟ್ಟಿದಳು ಅತ್ತಿಗೆ. "ನಿಮ್ಮಣ್ಣ ಆಗಿದ್ರೆ ನನ್ನನ್ನೂ ಸೀಸೆ ಜೊತೆ ಗುಡಿಸಿ ಹಾಕ್ತಿದ್ರು. ಈ ಹುಳಿರಾಯನ್ನ ಬಿಡಬೇಡ."

ಹುಳಿರಾಯ ಎಂಬ ಹೆಸರು ಆವತ್ತೇ ನಿಂತಿತು.

ಅವಳು ಬಿಡಲಿಲ್ಲ. ಭಾನುವಾರದ ಮಧ್ಯಾಹ್ನಗಳು ಅವನ ಬ್ರೂವರಿಗೆ ಮೀಸಲಾದವು. ಎತ್ತರದ ಕಿಟಕಿಗಳು, ಹೊಳೆಯುವ ಸ್ಟೀಲ್ ಟ್ಯಾಂಕುಗಳು, ಸದಾ ಒದ್ದೆಯಾದ ಸಿಮೆಂಟಿನ ನೆಲ. ಅವನ ಅಕ್ಕ ಮಾರಾಟದ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಇದ್ದ ಒಳ್ಳೆಯ ಕೆಲಸ ಬಿಟ್ಟು ತಮ್ಮನ ಬೆನ್ನಿಗೆ ನಿಂತವಳು. ಡಾಕ್ಟರು ಬಾಗಿಲಲ್ಲಿ ಕಂಡರೆ ಸಾಕು, "ಬಾ ಪುಟ್ಟಿ, ನೀನಿಲ್ದೆ ಇವನಿಗೆ ಕೈಕಾಲೇ ಆಡಲ್ಲ" ಎನ್ನುತ್ತಿದ್ದಳು. ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳಿಗೆ ಆ "ಪುಟ್ಟಿ"ಯೊಂದೇ ಸಾಕಾಗಿತ್ತು.

ಅವನು ಚಿಕ್ಕ ಗ್ಲಾಸಿಗೆ ಬಗ್ಗಿಸುತ್ತಿದ್ದ. ಗಾಢ ಕೆಂಪು ಬಿಯರು, ಮೇಲೆ ನಸುಗುಲಾಬಿ ನೊರೆ. ಮೊದಲ ದಿನ ಒಂದು ಗುಟುಕಿಗೇ ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು, ಭುಜ ಕಿವಿಗೆ ತಾಗಿತ್ತು.

"ಅಯ್ಯಯ್ಯೋ! ಇದನ್ನ ದುಡ್ಡು ಕೊಟ್ಟು ಕುಡೀತಾರಾ?"

"ತಡಿ, ತಡಿ. ಹುಳಿ ಬಾಗಿಲಲ್ಲಿ ನಿಂತಿರೋ ನಾಯಿ ಥರ. ಬೊಗಳಿ ಸುಮ್ಮನಾಗುತ್ತೆ. ಒಳಗೆ ಯಾರಿದ್ದಾರೆ ನೋಡು."

ಎರಡನೆಯ ಗುಟುಕಿಗೆ ನಾಯಿ ಸುಮ್ಮನಾಯಿತು. ಒಳಗೆ ಹಣ್ಣಿತ್ತು, ಬೆರಳು, ತುಟಿ, ಸ್ಕೂಲಿನ ಅಂಗಿಯನ್ನೆಲ್ಲ ನೇರಳೆಯಾಗಿಸುವ, ಮಾಗಿ ಉದುರುವ ಹಣ್ಣು. ಅವಳು ಕಣ್ಣು ಮುಚ್ಚಿ ಹೇಳುತ್ತ ಹೋದಳು. ಅವನು ಉಸಿರು ಬಿಗಿಹಿಡಿದು ಕೇಳಿದ.

"ನೀನೂ ಕುಡಿಯೋ. ನಿನಗೆ ಹೇಗಿದೆ?"

"ಮೊದಲು ನೀನು ಹೇಳು. ನೀನು ಹೇಳಿದ ಮೇಲೇ ನನಗೆ ರುಚಿ."

ಇಂಥ ಮಾತಿಗೆ ಯಾವ ಹುಡುಗಿ ತಾನೇ ಕರಗುವುದಿಲ್ಲ? ಹಣ್ಣು ಹೆಚ್ಚಾಯಿತೇ, ಮರದ ವಾಸನೆ ಮುಂದೆ ಬಂತೇ, ಇನ್ನೊಂದು ವಾರ ಬಿಡಲೇ ಎಂದೆಲ್ಲ ಅವನು ಕೇಳುತ್ತಿದ್ದ. ಅವಳು ಅರಸಿಯಂತೆ ಅಪ್ಪಣೆ ಕೊಡುತ್ತಿದ್ದಳು. ಒಂದು ಸಂಜೆ ಟ್ಯಾಂಕುಗಳ ನಡುವಿನ ಇಕ್ಕಟ್ಟಿನಲ್ಲಿ ಅವನು ಅವಳ ಕೂದಲು ಸರಿಸಿ ಕತ್ತಿನ ಹಿಂದೆ ಮುಖ ಇಟ್ಟ. "ಇಲ್ಲೊಂದು ವಾಸನೆ ಇದೆ, ಡಾಕ್ಟ್ರೇ. ಲೋಕದಲ್ಲಿ ಯಾವ ಹಣ್ಣಿಗೂ ಇಲ್ಲದ್ದು" ಎಂದ. ಅವಳು ಮನೆಗೆ ಹೋಗಿ, ಸ್ನಾನ ಮಾಡಲು ಮನಸ್ಸಾಗದೆ ಹಾಗೇ ಮಲಗಿದಳು.

ಆ ಬಿಯರಿನ ಬಿಡುಗಡೆಯ ಮಧ್ಯಾಹ್ನ ಬ್ರೂವರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಹೊಸ ಸೀರೆಯುಟ್ಟು ನಲ್ಲಿಗಳ ಮುಂದೆ ನಿಂತಿದ್ದಳು. ಮೊದಲ ಪೀಪಾಯಿ ನೋಡುನೋಡುತ್ತಿದ್ದಂತೆ ಖಾಲಿಯಾಯಿತು. ಎರಡನೆಯದಕ್ಕೆ ನಲ್ಲಿ ಜೋಡಿಸಿ ಅವನು ಮೊದಲ ಗ್ಲಾಸನ್ನು ಅವಳ ಕೈಗಿತ್ತ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಅವಳು ಬಾಯಿಗಿಟ್ಟಳು. ಉಗುರಿನ ಬಣ್ಣ ಅಳಿಸುವ ದ್ರವದ ಘಾಟು. ಅದರ ಬೆನ್ನಿಗೇ ಕೆಟ್ಟ ವಿನಿಗರ್. ಪೀಪಾಯಿಗೆ ಎಲ್ಲಿಂದಲೋ ಗಾಳಿ ಹೊಕ್ಕು ಇಡೀ ಬಿಯರ್ ಕೆಟ್ಟುಹೋಗಿತ್ತು. ಜನರ ಮುಂದೆ ಹೇಗೆ ಹೇಳುವುದೆಂದು ಕಣ್ಣಲ್ಲೇ ಸನ್ನೆ ಮಾಡಿ ಗ್ಲಾಸನ್ನು ಅವನಿಗೆ ಕೊಟ್ಟಳು.

ಅವನು ಒಂದು ದೊಡ್ಡ ಗುಟುಕು ಎಳೆದ. ಕಣ್ಣು ಮುಚ್ಚಿದ. ಮುಖದ ತುಂಬ ತೃಪ್ತಿ.

"ಮೊದಲು ಹಿಪ್ಪುನೇರಳೆ," ಎಂದ ಎಲ್ಲರಿಗೂ ಕೇಳುವಂತೆ. "ಅದರ ಹಿಂದೆ ಹುಳಿ ಮೊಸರು. ಕೊನೆಯಲ್ಲಿ, ಆಗತಾನೇ ಚೂಪು ಮಾಡಿದ ಪೆನ್ಸಿಲ್."

ಜನರೆದುರು ಮಾನ ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಳು ಅವಳು. ಹತ್ತಿರ ಸರಿದು ಪಿಸುಗುಟ್ಟಿದಳು. "ನಾಟಕ ಸಾಕು, ಬೇಗ ನಲ್ಲಿ ನಿಲ್ಲಿಸು. ಯಾರಾದ್ರೂ ಕುಡಿದ್ರೆ ಗತಿಯೇನು?"

"ಯಾಕೆ? ಏನಾಗಿದೆ?"

ಅವನ ಕಣ್ಣಲ್ಲಿ ನಾಟಕವಿರಲಿಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವಿನ ಗಾಬರಿಯಿತ್ತು. ಅವನು ಅವಳನ್ನು ಬಿಟ್ಟು ಅಕ್ಕನ ಕಡೆ ನೋಡಿದ. ಅಕ್ಕ ಒಂದೇ ನೆಗೆತಕ್ಕೆ ಬಂದು ಗ್ಲಾಸು ಕಸಿದು, ಮೂಸಿ, ನಲ್ಲಿ ಮುಚ್ಚಿದಳು. ಆಮೇಲೆ ಡಾಕ್ಟರ ಮುಖ ನೋಡಲಾರದೆ ತಲೆ ತಗ್ಗಿಸಿದಳು.

ಆ ತಗ್ಗಿದ ತಲೆ ಎಲ್ಲವನ್ನೂ ಹೇಳಿಬಿಟ್ಟಿತು. ಲವಂಗದೆಣ್ಣೆಯ ನಡುವೆ ಪತ್ರಿಕೆ ತಿರುವುತ್ತಿದ್ದವನು. ಮೊದಲು ನೀನು ಹೇಳು ಎನ್ನುತ್ತಿದ್ದವನು. ಅವಳ ಕಾಲ ಕೆಳಗಿನ ಸಿಮೆಂಟು ಎಲ್ಲೋ ಜಾರಿದಂತಾಯಿತು.

ಹಿಂದಿನ ತಣ್ಣನೆಯ ಕೋಣೆಗೆ ಅವನೇ ಅವಳನ್ನು ಕರೆದೊಯ್ದ. ಹಣ್ಣಿನ ಡಬ್ಬಗಳ ನಡುವೆ ಇಬ್ಬರ ಉಸಿರೂ ಹೊಗೆಯಾಗುತ್ತಿತ್ತು.

"ಹೋದ ವರ್ಷ ಜ್ವರ ಬಂದಿತ್ತು. ಜ್ವರ ಹೋಯ್ತು, ಜೊತೆಗೆ ಮೂಗೂ ಹೋಯ್ತು. ನಾಲಿಗೆಗೆ ಹುಳಿ, ಸಿಹಿ ಗೊತ್ತಾಗುತ್ತೆ. ಹಣ್ಣು ಗೊತ್ತಾಗಲ್ಲ. ಹಿಪ್ಪುನೇರಳೆಯೋ ನೆಲ ಒರೆಸಿದ ನೀರೋ, ನನಗೆ ಎರಡೂ ಒಂದೇ."

"ಹಾಗಾದ್ರೆ ನಾನ್ಯಾರು? ನಿನ್ನ ಮೂಗಾ?"

ಅವನು ಹಣ್ಣಿನ ಡಬ್ಬವೊಂದರ ಮುಚ್ಚಳ ಒತ್ತಿ ಸರಿಮಾಡತೊಡಗಿದ.

"ಆವತ್ತು ಕುರ್ಚಿಯಿಂದ ಎದ್ದು ಹಾಗೆ ನೋಡಿದ್ಯಲ್ಲ. ಅದು ನನ್ನನ್ನಲ್ಲ, ಅಲ್ವಾ?"

"ಆವತ್ತು... ಅಲ್ಲ. ಆಮೇಲೆ ನಿನ್ನನ್ನೇ. ದೇವರಾಣೆಗೂ ನಿನ್ನನ್ನೇ."

"ಆಮೇಲೆ ಅಂದ್ರೆ ಯಾವಾಗಿಂದ? ಯಾವ ಗ್ಲಾಸಿಂದ?" ಅವಳ ದನಿ ಒಡೆಯಿತು. ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. "ಮತ್ತೆ... ಇಲ್ಲಿ? ಯಾವ ಹಣ್ಣಿಗೂ ಇಲ್ಲದ ವಾಸನೆ ಅಂದೆಯಲ್ಲ?"

ಅವನು ಗೋಡೆಗೆ ಒರಗಿದ. "ನಿನ್ನ ಬಗ್ಗೆ ನಾನು ಹೇಳಿದ ಸುಳ್ಳು ಅದೊಂದೇ."

"ನಾನು ಎದೆಯಲ್ಲಿಟ್ಟುಕೊಂಡಿದ್ದೂ ಅದೊಂದನ್ನೇ."

ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅವನು ಹೇಳ್ತೀನಿ ಅಂತಲೇ ಇದ್ದ ಪುಟ್ಟಿ. ಬೇಡ ಅಂದವಳು ನಾನು. ಮೂಗಿಲ್ಲದವನ ಬಿಯರ್ ಅಂತ ಗೊತ್ತಾದ್ರೆ ಯಾರು ಕುಡೀತಾರೆ ಹೇಳು? ನೀನೂ ಬಿಟ್ಟು ಹೋಗ್ತೀಯೇನೋ ಅಂತ ಹೆದರಿಕೆ."

"ಕೇಳಿದ್ದಿದ್ರೆ ಬರ್ತಿದ್ದೆ ಅಕ್ಕಾ," ಎಂದಳು ಅವಳು. "ದಿನಾ ಬರ್ತಿದ್ದೆ. ನೀವು ಕೇಳಲೇ ಇಲ್ಲ. ಅಕ್ಕ ತಮ್ಮ ಸೇರ್ಕೊಂಡು ಕಣ್ಣಿಗೆ ಮಣ್ಣೆರಚಿದ್ರಿ. ಪುಟ್ಟಿ ಅಂತ ಕರೆದು ಎರಚಿದ್ರಿ."

ಸಂಭ್ರಮದ ಗದ್ದಲದ ನಡುವೆಯೇ ಅವಳು ಹೊರಗೆ ನಡೆದಳು. ಬಾಗಿಲಲ್ಲಿ ಯಾರೋ ಗ್ಲಾಸು ಎತ್ತಿ, "ಡಾಕ್ಟ್ರೇ, ಸೂಪರ್ ಟೇಸ್ಟ್!" ಎಂದರು.

ಆಮೇಲಿನ ದಿನಗಳಲ್ಲಿ ಅವಳು ಅಳಲಿಲ್ಲ. ಬದಲಿಗೆ ಬೆಳಿಗ್ಗೆ ಕಾಫಿ ಲೋಟ ಎತ್ತಿದೊಡನೆ ಸಿಟ್ಟು ಬರುತ್ತಿತ್ತು. ಮೂಗಿಗೆ ಹಬೆ ತಾಗುತ್ತಲೇ ಮನಸ್ಸು ತಾನಾಗಿ ಮಾತು ಪೋಣಿಸತೊಡಗುತ್ತಿತ್ತು: ಸುಟ್ಟ ಸಕ್ಕರೆ, ಹಳೆಯ ಕಪಾಟು. ಯಾರಿಗಾಗಿ? ಅವನು ಅವಳಿಗೆ ಕಲಿಸಿಹೋದದ್ದನ್ನು ಕಿತ್ತು ಬಿಸಾಡಲೂ ಆಗುತ್ತಿರಲಿಲ್ಲ. ಅವನ ಫೋನನ್ನು ಅವಳು ಎತ್ತಲಿಲ್ಲ. ಅಕ್ಕನದನ್ನೂ ಎತ್ತಲಿಲ್ಲ.

"ಆ ಹುಳಿರಾಯನ ಹಲ್ಲೆಲ್ಲ ಉದುರಿಹೋಗಲಿ," ಎಂದಳು ಅತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು, "ಉದುರಿದ್ರೂ ಇಲ್ಲಿಗೇ ಬರಬೇಕಲ್ಲ, ಕರ್ಮ" ಎಂದಳು. ಅವಳಿಗೆ ನಗು ಬಂದೂ ಬಾರದಂತಾಯಿತು.

ಅವನು ನಿಜವಾಗಿಯೂ ಬಂದ. ಸಂಜೆ ಕೊನೆಯ ರೋಗಿ ಹೋದ ಮೇಲೆ, ಕೈಯಲ್ಲಿ ಲೇಬಲ್ ಇಲ್ಲದ ಬಾಟಲಿ ಹಿಡಿದು. ಸೊರಗಿಹೋಗಿದ್ದ. ಅತ್ತಿಗೆ ಮೂಗು ಮುರಿದು ಒಳಗೆ ಬಿಟ್ಟಳು.

"ಎಲ್ಲರಿಗೂ ಹೇಳಿಬಿಟ್ಟೆ," ಎಂದ ಅವನು ನಿಂತೇ. "ಅಂಗಡಿಯವರಿಗೆ, ಗಿರಾಕಿಗಳಿಗೆ, ಎಲ್ಲರಿಗೂ. ಕೆಲವರು ಬಿಟ್ಟು ಹೋದ್ರು. ಕೆಲವರು ಉಳಿದ್ರು. ಇದು ಆಮೇಲೆ ಮಾಡಿದ್ದು. ಯಾರನ್ನೂ ಕೇಳಲಿಲ್ಲ. ನಾಲಿಗೆಗೆ ಸಿಕ್ಕಷ್ಟು ಹುಳಿ, ಸಿಹಿ, ಉಳಿದದ್ದು ನೆನಪು." ಎರಡು ಪೇಪರ್ ಲೋಟಗಳಿಗೆ ಬಗ್ಗಿಸಿದ. "ಹೇಗಿದೆ ಅಂತ ಹೇಳಬೇಡ. ನಿನ್ನ ಜೊತೆ ಒಂದು ಸಲ ಸುಮ್ಮನೆ ಕುಡೀಬೇಕು ಅನ್ನಿಸ್ತು. ಅಷ್ಟೇ."

ರೋಗಿಗಳ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಇಬ್ಬರೂ ಕೂತರು. ಅವಳು ಕುಡಿದಳು. ಹಣ್ಣು ನಾಲಿಗೆಯ ಮೇಲೆ ಮೆಲ್ಲಗೆ ಹರಡಿತು. ಹೇಳಬೇಕಾದ ಮಾತುಗಳು ಒಂದರ ಹಿಂದೊಂದು ನಾಲಿಗೆ ತುದಿಗೆ ಬಂದವು. ಅವಳು ಎಲ್ಲವನ್ನೂ ನುಂಗಿದಳು. ಅವನು ಅವಳ ಮುಖದಲ್ಲಿ ಉತ್ತರ ಹುಡುಕಲಿಲ್ಲ. ಮಾತಿಗೆ ತಪ್ಪದೆ ನೆಲವನ್ನೇ ನೋಡುತ್ತ ಕುಡಿದ.

"ಪ್ರೀತಿ ಇದೆ ಕಣೋ," ಎಂದಳು ಕೊನೆಗೆ. "ಹೋಗ್ತಾ ಇಲ್ಲ, ಏನ್ಮಾಡಲಿ. ಆದ್ರೆ ನೀನು ನನ್ನ ಚೆಂದ ಅಂದ್ರೂ ಇನ್ನು ನಾನು ನಿಜಾನಾ ಅಂತ ಕನ್ನಡಿ ನೋಡ್ಕೋತೀನಿ. ಹಾಗೆ ಬದುಕೋಕೆ ಆಗಲ್ಲ."

ಅವನು ತಲೆಯಾಡಿಸಿದ. ಎದ್ದು ನಿಂತವನು ಅವಳ ತಲೆಯ ಮೇಲೆ ಕೈ ಇಟ್ಟ, ಒಂದು ಕ್ಷಣ. "ಬರ್ತೀನಿ ಡಾಕ್ಟ್ರೇ."

ಗಾಜಿನ ಬಾಗಿಲು ಅವನ ಹಿಂದೆ ನಿಧಾನವಾಗಿ ಮುಚ್ಚಿಕೊಂಡಿತು. ಅತ್ತಿಗೆ ಬಂದು ಆ ಖಾಲಿ ಜಾಗದಲ್ಲಿ ಕೂತಳು. ಬಾಟಲಿ ಎತ್ತಿ ಅನುಮಾನದಿಂದ ತಿರುಗಿಸಿ ನೋಡಿದಳು.

"ಹೇಗಿತ್ತೇ?"

"ಚೆನ್ನಾಗಿತ್ತು ಅತ್ತಿಗೆ," ಎಂದಳು ಅವಳು. "ತುಂಬಾ ಚೆನ್ನಾಗಿತ್ತು." ಹಾಗೆಂದವಳೇ ಅತ್ತಿಗೆಯ ಭುಜಕ್ಕೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅಳತೊಡಗಿದಳು.